ಮನೆಯ ಹಿರಿಯರು ಕಾಣೆಯಾದರೆ

24 ಗಂಟೆ ಕಾಯಬೇಕೆಂಬ ನಿಯಮ ಎಲ್ಲೂ ಇಲ್ಲ. ಕೂಡಲೇ 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಸಿದುಕೊಳ್ಳಿ. ಒಬ್ಬರು ಮನೆಯಲ್ಲೇ ಇರಲಿ, ಕಾಣೆಯಾದವರು ತಾವೇ ವಾಪಸ್ ಬರಬಹುದು. ಉಳಿದವರು ಮೊದಲು ಹಿತ್ತಲು, ಬಾವಿ, ಪೊದೆ, ಖಾಲಿ ಸೈಟು ನೋಡಿ. ಮರೆವಿನ ಕಾಯಿಲೆಯವರು ಎಷ್ಟೋ ಸಲ ಕೂಗಿದರೂ ಓಗೊಡುವುದಿಲ್ಲ, ಪೊದೆ ಸರಿಸಿಯೇ ನೋಡಬೇಕು. ಆಮೇಲೆ ಹಳೇ ಮನೆ, ಬಸ್ ನಿಲ್ದಾಣ.

ಪೊಲೀಸರಿಗೆ ಕೊಡಲು ಮದುವೆ ಆಲ್ಬಮ್ಮಿನ ಫೋಟೊ ಬೇಡ. ಈಗಿನ ಬೋಳು ತಲೆ, ಬಿಳಿ ಗಡ್ಡ ಕಾಣಬೇಕು. ಪಂಚೆಯ ಅಂಚಿನ ಬಣ್ಣ, ಚಪ್ಪಲಿ, ಹಳೇ ಗಾಯದ ಗುರುತು ದೂರಿನಲ್ಲಿ ಬರೆಸಿ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು, ಅಂದೇ ಅಂಗಡಿಯವರಲ್ಲಿ ಕೇಳಿ ಉಳಿಸಿಕೊಳ್ಳಿ.

ತಿಂಗಳುಗಳೇ ಕಳೆದರೂ ಸರ್ಕಾರಿ ಆಸ್ಪತ್ರೆ, ವೃದ್ಧಾಶ್ರಮ, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಮತ್ತೆ ಮತ್ತೆ ಹೋಗಿ. ಹಿರಿಯರ ಸಹಾಯವಾಣಿ 14567.