ತಲೆಕಟ್ಟಿನ ಓರೆ, ಪುಟದ ಭಾವ

"ನಾಳೆ ಬಂದು ನೋಡುತ್ತೇನೆ" ಎಂಬ ವಾಕ್ಯವನ್ನು ನಾನು ಬಹಳ ಕಾಲದಿಂದ ಅಕ್ಷರ ವಿನ್ಯಾಸದ ಪರೀಕ್ಷೆಗೆ ಬಳಸುತ್ತಿದ್ದೇನೆ. ದಪ್ಪ ಗೆರೆಯ, ಒಂದಕ್ಕೊಂದು ಒತ್ತರಿಸಿಕೊಂಡ ಅಕ್ಷರಗಳಲ್ಲಿ ಜೋಡಿಸಿದರೆ ಅದು ಬೆದರಿಕೆಯಂತೆ ಕೇಳಿಸುತ್ತದೆ. ಒಡಲು ಅಗಲವಾಗಿರುವ, ನಡುವೆ ಉಸಿರಾಡಲು ಜಾಗವಿರುವ ಅಕ್ಷರಗಳಲ್ಲಿ ಅದೇ ಮಾತು ಹಾಸಿಗೆ ಹಿಡಿದವರಿಗೆ ಹೇಳಿದ ಭರವಸೆಯಾಗುತ್ತದೆ. ಅಗಲಿದವರ ನೆನಪಿನ ಕವಿತೆಗಳ ಸಂಕಲನವೊಂದಕ್ಕೆ ಹೊಸ ಫಾಂಟ್ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಹುಡುಕಬೇಕಾಗಿದ್ದುದು ಈ ಎರಡನೆಯ ದನಿಯನ್ನು.

ಮೊದಲ ಕರಡಿನಲ್ಲಿ ಗೆರೆಗಳನ್ನು ತೆಳುವಾಗಿಸಿ, ತುದಿಗಳನ್ನೆಲ್ಲ ಉರುಟಾಗಿಸಿದೆ. ಉರುಟು ಎಂದರೆ ಮೃದು, ಮೃದು ಎಂದರೆ ಸಾಂತ್ವನ ಎಂಬ ಲೆಕ್ಕಾಚಾರ ನನ್ನದಾಗಿತ್ತು. ನೇರ ಗೆರೆಗಳೂ ಮೂಲೆಗಳೂ ಹೆಚ್ಚಾಗಿರುವ ಲ್ಯಾಟಿನ್ ಲಿಪಿಯಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಉರುಟುತನ ಎದ್ದು ಕಾಣುವ ಗುಣ. ಕನ್ನಡದ ಅಕ್ಷರಗಳು ಹುಟ್ಟಿನಿಂದಲೇ ದುಂಡಗಿವೆ. ದುಂಡಗಿರುವುದನ್ನು ಮತ್ತಷ್ಟು ದುಂಡಗೆ ಮಾಡಿದರೆ ಓದುಗರಿಗೆ ಹೊಸದೇನೂ ತಲುಪುವುದಿಲ್ಲ, ಅಕ್ಷರದ ಬಿಗಿ ಮಾತ್ರ ಸಡಿಲವಾಗುತ್ತದೆ.

ಇದು ನನಗೆ ತಿಳಿದದ್ದು ಇತರರ ಕಣ್ಣಿನಿಂದ. ಅಕ್ಷರಶೈಲಿಗೂ ಭಾವಕ್ಕೂ ಇರುವ ನಂಟನ್ನು ಅಳೆಯುವ ಯತ್ನಗಳು ಹಳೆಯವು. 1923ರಲ್ಲಿ ಪೊಫೆನ್‌ಬರ್ಗರ್ ಮತ್ತು ಫ್ರಾಂಕೆನ್ ಎಂಬ ಸಂಶೋಧಕರು ಬೇರೆ ಬೇರೆ ಅಚ್ಚಕ್ಷರಗಳನ್ನು ಜನರ ಮುಂದಿಟ್ಟು, ಅಗ್ಗ, ಘನತೆ, ಮಿತವ್ಯಯ, ವೈಭವ, ಬಲ ಎಂಬ ಗುಣಗಳಿಗೆ ಯಾವುದು ಎಷ್ಟು ಒಪ್ಪುತ್ತದೆ ಎಂದು ಕೇಳಿದ್ದರು. ಅದೇ ಜಾಡು ಹಿಡಿದು, ನಾನು ಕರಡು ಅಕ್ಷರಗಳಲ್ಲಿ ಅರ್ಥದ ಭಾರವಿಲ್ಲದ ಒಂದು ಪುಟವನ್ನು ಮುದ್ರಿಸಿ, ವಿನ್ಯಾಸದ ಪರಿಚಯವಿಲ್ಲದ ಕೆಲವು ಓದುಗರಿಗೆ ಕೊಟ್ಟು, ಮೊದಲು ಹೊಳೆದ ಮಾತನ್ನು ಬರೆಯುವಂತೆ ವಿನಂತಿಸಿದೆ. ಬಂದ ಉತ್ತರಗಳಲ್ಲಿ 'ದಣಿವು', 'ನಿದ್ದೆಗಣ್ಣು' ಎಂಬಂಥವೇ ಹೆಚ್ಚಾಗಿದ್ದವು. ಸಮಾಧಾನ ಎಂದು ಒಬ್ಬರೂ ಬರೆದಿರಲಿಲ್ಲ.

ಆಮೇಲೆ ನಾನು ಕಂಪ್ಯೂಟರನ್ನು ಬದಿಗಿಟ್ಟು ಮೊನೆಯನ್ನು ಚಪ್ಪಟೆಯಾಗಿ ಕತ್ತರಿಸಿದ ಲೇಖನಿಯಿಂದ ಒಂದೇ ಸಾಲನ್ನು ಅವಸರವಾಗಿಯೂ ನಿಧಾನವಾಗಿಯೂ ಹಲವಾರು ಸಲ ಬರೆದು ನೋಡಿದೆ. ಎರಡು ಬಗೆಯ ಬರಹಗಳಲ್ಲಿ ಅಕ್ಷರದ ಒಡಲು ಹೆಚ್ಚುಕಡಿಮೆ ಹಾಗೆಯೇ ಇತ್ತು. ವ್ಯತ್ಯಾಸವೆಲ್ಲ ಇದ್ದದ್ದು ತಲೆಕಟ್ಟಿನಲ್ಲಿ. ಅವಸರದ ತಲೆಕಟ್ಟು ಕಡಿದಾಗಿ ಮೇಲೇರಿ ಥಟ್ಟನೆ ನಿಲ್ಲುತ್ತಿತ್ತು, ನಿಧಾನದ್ದು ತುಸುವೇ ಏರಿ ತುದಿಯಲ್ಲಿ ಅಗಲವಾಗುತ್ತಿತ್ತು. ಖ, ಜ, ಣ, ಬ, ಲ ಮೊದಲಾದ ಕೆಲವನ್ನು ಬಿಟ್ಟರೆ ನಮ್ಮ ವ್ಯಂಜನಗಳಲ್ಲಿ ಹೆಚ್ಚಿನವು ತಲೆಕಟ್ಟನ್ನು ಹೊತ್ತಿರುವುದರಿಂದ, ಒಂದು ಪುಟದಲ್ಲಿ ಆ ಪುಟ್ಟ ಗೆರೆ ನೂರಾರು ಬಾರಿ ಮರಳಿ ಬರುತ್ತದೆ. ಒಂದರಲ್ಲಿ ಕಣ್ಣಿಗೆ ಬೀಳದ ಓರೆ ನೂರಾರು ಸಲ ಸೇರಿದಾಗ ಪುಟದ ಮುಖಭಾವವೇ ಆಗುತ್ತದೆ. ಕನ್ನಡ ಫಾಂಟ್ ಮಾಡುವವರು ಮೊದಲು ತಲೆಕಟ್ಟನ್ನು ನಿಶ್ಚಯಿಸಿ ಅನಂತರವೇ ಒಡಲಿಗೆ ಕೈಹಾಕಬೇಕು ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ತಲೆಕಟ್ಟಿನ ಓರೆಯನ್ನು ಬಹಳಷ್ಟು ತಗ್ಗಿಸಿದೆ. ಅದರ ಜೊತೆಗೇ ಗುಡಿಸನ್ನೂ ತಿದ್ದಬೇಕಾಯಿತು, ಏಕೆಂದರೆ 'ಕ' ಎಂಬುದು 'ಕಿ' ಆಗುವಾಗ ತಲೆಕಟ್ಟಿನ ಸ್ಥಾನದಲ್ಲಿ ಗುಡಿಸು ಬಂದು ಕೂರುತ್ತದೆ. ಎರಡರ ಎತ್ತರವೂ ತೂಕವೂ ಹೊಂದದಿದ್ದರೆ ಸಾಲು ಕುಪ್ಪಳಿಸಿದಂತೆ ಕಾಣುತ್ತದೆ. ಅಕ್ಷರಗಳು ನಿಲ್ಲುವ ಅಡಿಗೆರೆಯ ಕೆಲಸವೂ ಇಂಥದೇ. ಎರಡು ಕಾಲೂರಿ ನಿಲ್ಲುವ 'ಗ' ಗೆರೆಯನ್ನು ಸರಿಯಾಗಿ ಮುಟ್ಟಿದರೆ ಸಾಕು, ಆದರೆ ದುಂಡು ತಳದ 'ರ' ಅಷ್ಟಕ್ಕೇ ನಿಂತರೆ ಗಾತ್ರದಲ್ಲಿ ಕಿರಿದೆನಿಸುತ್ತದೆ. ಹಾಗಾಗಿ ಅಕ್ಷರವನ್ನು ಬರೆಯುವ 1000 ಮಾನಗಳ ಅಳತೆಯ ಚೌಕದಲ್ಲಿ ಅದನ್ನು 12 ಮಾನ ಕೆಳಗಿಳಿಸಿದೆ. ಅಳತೆಯಲ್ಲಿ ಸಮವಿರುವುದು ಕಣ್ಣಿಗೂ ಸಮವಾಗಿರಬೇಕೆಂದಿಲ್ಲ, ಮತ್ತು ಓದುವುದು ಕಣ್ಣೇ.

ಒತ್ತಕ್ಷರಗಳು ಅತಿ ಹೆಚ್ಚು ದಿನಗಳನ್ನು ತೆಗೆದುಕೊಂಡವು. 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳಲ್ಲಿ ಎರಡೆರಡು ಒತ್ತುಗಳು ಕೆಳಗೆ ಸೇರುತ್ತವೆ. ಒತ್ತನ್ನು ತಾಯಿ ಅಕ್ಷರದ ಚಿಕ್ಕ ಪಡಿಯಚ್ಚಾಗಿ ಮಾಡಿದರೆ ಅದರ ಗೆರೆ ತೆಳುವಾಗಿ, ಪುಟದ ಕೆಳಸ್ತರವೆಲ್ಲ ಮಸುಕಾಗುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಬೇರೆಯಾಗಿ ಬರೆದು, ಗೆರೆಯ ದಪ್ಪವನ್ನು ಮೇಲಿನದಕ್ಕೆ ಹತ್ತಿರ ತಂದೆ. ಬಲಕ್ಕೆ ಚಾಚುವ ರಕಾರದ ಒತ್ತು ಮುಂದಿನ ಅಕ್ಷರದ ಒತ್ತಿಗೆ ತಗುಲದಂತೆ ಅಂತರ ಕೊಡುವುದು ಇನ್ನೊಂದು ಶ್ರಮ. ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿದೆ. ಕವಿತೆಗೆ ಆ ಬಿಳುಪು ಹೇಗಿದ್ದರೂ ಬೇಕು. ಯಾವ ಒತ್ತು ಎಲ್ಲಿ ಕೂರಬೇಕೆಂದು ಕಂಪ್ಯೂಟರಿಗೆ ತಿಳಿಸುವ, ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ನಿಯಮಗಳನ್ನು ಬರೆಯುವುದು ತಾಳ್ಮೆಯ ಕೆಲಸವಾದರೂ ಭಾವಕ್ಕೆ ಅದರ ಕೊಡುಗೆ ಕಡಿಮೆ.

ತಿದ್ದಿದ ಅಕ್ಷರಗಳಲ್ಲಿ ಅದೇ ಪುಟವನ್ನು 12 ಪಾಯಿಂಟಿನಲ್ಲಿ ಮುದ್ರಿಸಿ, ಈ ಸಲ ಬೇರೆ ಓದುಗರಿಗೆ ಕೊಟ್ಟೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದ ಅಕ್ಷರ ನನ್ನನ್ನು ಹಲವು ಬಾರಿ ದಾರಿ ತಪ್ಪಿಸಿದ್ದರಿಂದ, ಓದುವ ಗಾತ್ರದಲ್ಲಿ ಕಾಗದದ ಮೇಲೆ ಕಾಣದೆ ಯಾವುದನ್ನೂ ಒಪ್ಪಬಾರದೆಂದು ನಿರ್ಧರಿಸಿದ್ದೆ. ಒಬ್ಬರು 'ಸಂಜೆ' ಎಂದು ಬರೆದರು, ಇನ್ನೊಬ್ಬರು 'ಕೂತು ಮಾತಾಡಿದ ಹಾಗಿದೆ' ಎಂದರು.

ಶೀರ್ಷಿಕೆಗಳಿಗೆಂದು ದಪ್ಪ ರೂಪವನ್ನೂ ಬರೆದೆ. ಗೆರೆ ದಪ್ಪವಾದಂತೆ 'ಧ', 'ಫ'ಗಳ ಮಹಾಪ್ರಾಣದ ಸೀಳು ಮುಚ್ಚಿಕೊಂಡಿತು, ಒಡಲಿನ ಬಿಳುಪು ಕುಗ್ಗಿತು. ಸೀಳನ್ನು ಬಿಡಿಸಲು ಗೆರೆಯನ್ನು ಅಲ್ಲಲ್ಲಿ ಸಪುರ ಮಾಡಿದಾಗ ಅಕ್ಷರಗಳು ಗದರುವಂತೆ ತೋರಿದವು. ಕೊನೆಗೆ ದಪ್ಪ ರೂಪವನ್ನು ಕೈಬಿಟ್ಟು, ಕವಿತೆಗಳ ಹೆಸರುಗಳನ್ನು ಅದೇ ತೂಕದಲ್ಲಿ, ಸ್ವಲ್ಪ ದೊಡ್ಡ ಗಾತ್ರದಲ್ಲಿ, ಕೆಳಗೆ ಎರಡು ಸಾಲಿನಷ್ಟು ಜಾಗ ಬಿಟ್ಟು ಜೋಡಿಸಿದೆ.