ಹಸಿರು ಗೋಡೆಯ ಛತ್ರಕ್ಕೆ ಕಂಬಳಿ ಕಟ್ಟಿದ್ದು

ದಾವಣಗೆರೆಯ ಹಳೇ ಭಾಗದಲ್ಲಿ ಒಂದು ಛತ್ರ ಇದೆ. ಹೆಸರು ಬೇಡ, ಇಲ್ಲಿ ಡೆಕೊರೇಷನ್ ಮಾಡೋರಿಗೆ ವರ್ಣನೆ ಕೇಳಿದರೇ ಗೊತ್ತಾಗುತ್ತೆ. ಎದೆಮಟ್ಟಕ್ಕೆ ಹಸಿರು ಆಯಿಲ್ ಪೇಂಟ್, ಅದರ ಮೇಲೆ ತಿಳಿಹಸಿರು ಡಿಸ್ಟೆಂಪರ್, ಎಂಟು ದಪ್ಪ ಕಂಬ, ಮೂವತ್ತು ಚಿಲ್ಲರೆ ಟ್ಯೂಬ್‌ಲೈಟ್, ಸ್ಟೇಜ್ ಹಿಂದೆ ಸಿಮೆಂಟಿನಲ್ಲೇ ಕಟ್ಟಿದ ಕಮಾನು, ಅದರ ಎರಡೂ ಕಡೆ ನೀಲಿ ಬಳಿದ ನವಿಲು. ಮೊಳೆ ಹೊಡೆಯೋ ಹಾಗಿಲ್ಲ. ಹೊಡೆದರೆ ಡಿಪಾಸಿಟ್ ಮರೆತುಬಿಡಿ. ಆದರೆ ಬಾಡಿಗೆ ಕಮ್ಮಿ, ಊಟದ ಹಾಲ್ ದೊಡ್ಡದು, ಹಾಗಾಗಿ ಮದುವೆ ಪಾರ್ಟಿಗಳು ಅಲ್ಲಿಗೇ ಬರುತ್ತವೆ, ಬಂದು ನಮ್ಮ ಕೈಗೆ ಬೆಂಗಳೂರಿನ ಯಾವುದೋ ರೆಸಾರ್ಟಿನ ಫೋಟೋ ಕೊಡುತ್ತವೆ.

ಮೊದಲ ಸಲ ನಾನೂ ಎಲ್ಲರ ಹಾಗೆ ಮುಚ್ಚೋಕೆ ಹೋದೆ. ಹಾಲ್ ಸುಮಾರು 60 ಅಡಿಗೆ 40. ಚದರಡಿಗೆ 12 ರೂಪಾಯಿ ಹಿಡಿದು ಸೀಲಿಂಗ್ ಬಟ್ಟೆಗೇ 28-29 ಸಾವಿರ ಸುರಿದೆ. ಮೇ ತಿಂಗಳು. ಬಟ್ಟೆ ಕಟ್ಟಿದ ಮೇಲೆ ನೋಡ್ತೀನಿ, ಫ್ಯಾನ್ ಎಲ್ಲ ಬಟ್ಟೆಯ ಮೇಲುಗಡೆ! ಗಾಳಿ ಅಲ್ಲೇ ಸುತ್ತುತ್ತಿದೆ, ಕೆಳಗೆ ಜನ ಬೇಯುತ್ತಿದ್ದಾರೆ. ಬಂದವರು ಸ್ಟೇಜಿಗೂ ಹೋಗದೆ ನೇರ ಊಟಕ್ಕೆ ಕೂತು ಎದ್ದು ಹೋದರು. ಹುಡುಗಿಯ ಮೇಕಪ್ ಎಂಟು ಗಂಟೆಗೇ ಕರಗಿತ್ತು. ಬಾಕಿ ದುಡ್ಡಿನಲ್ಲಿ ಹತ್ತು ಸಾವಿರ ಮುರಿದುಕೊಂಡೇ ಕೊಟ್ಟರು, ನಾನು ಬಾಯಿ ಬಿಡಲಿಲ್ಲ.

ಎರಡನೇ ಸಲ ಬಟ್ಟೆ ಬಿಟ್ಟು ಪಾರ್ ಲೈಟ್ ತಂದೆ, ಸ್ಟೇಜ್ ಶೋಗಳಲ್ಲಿ ಬಣ್ಣದ ಬೆಳಕು ಬಿಡೋ ಡಬ್ಬಿ ಲೈಟು, 24. ಹಸಿರು ಗೋಡೆಗೆ ಗುಲಾಬಿ ಬೆಳಕು ಬಿಟ್ಟರೆ ಏನಾಗುತ್ತೆ ಅಂತ ನೋಡಿಲ್ಲದವರು ಒಮ್ಮೆ ಬಿಟ್ಟು ನೋಡಿ. ಹಸಿರು ಬಣ್ಣ ಕೆಂಪು ಬೆಳಕನ್ನು ನುಂಗಿಬಿಡುತ್ತೆ. ಉಳಿಯೋದು ಹಳಸಿದ ಸಾರಿನ ಬಣ್ಣ. ಸಾಲದ್ದಕ್ಕೆ ಮೂರೂವರೆ ಕಿಲೋವ್ಯಾಟ್ ಎಳೆದು ಛತ್ರದ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ಕರೆಂಟ್ ತಾನೇ ಕಡಿಯೋ ಸ್ವಿಚ್, ಎರಡು ಸಲ ಬಿತ್ತು.

ಎರಡನೇ ಸಲ ಬಿದ್ದಾಗ ನಾನು ಹಾಲ್ ಮಧ್ಯೆ ನಿಂತಿದ್ದೆ. ಎಲ್ಲ ಆರಿಹೋಯಿತು, ಸ್ಟೇಜ್ ಮೇಲೆ ಎರಡು ಹಿತ್ತಾಳೆ ದೀಪ ಮಾತ್ರ ಉರಿಯುತ್ತಿದ್ದವು. ಜನ ಕೂಗಾಡ್ತಾ ಇದ್ದರು. ನಾನು ಮಾತ್ರ ನವಿಲು ಹುಡುಕುತ್ತಿದ್ದೆ. ನವಿಲೂ ಇಲ್ಲ, ಹಸಿರೂ ಇಲ್ಲ, ಹುಡುಗಿಯ ಸೀರೆ ಜರಿ ಒಂದೇ ಮಿನುಗುತ್ತಿದೆ. ಛತ್ರ ಮುಚ್ಚಬೇಕಾಗಿಲ್ಲ, ಕಾಣದ ಹಾಗೆ ಮಾಡಿದರೆ ಸಾಕಲ್ವಾ ಅಂತ ಆವಾಗ ಹೊಳೆಯಿತು.

ಈ ಮಾತು ಹೇಳಿದರೆ ನಮ್ಮ ಲೈಟಿನವನೇ ನಕ್ಕ. ಮುಂದಿನ ಪಾರ್ಟಿಯ ಅಜ್ಜ ಅಂತೂ, "ತಮ್ಮಾ, ಮದುವೆ ಮನೇಲಿ ಯಾರಾದ್ರೂ ಕತ್ಲು ಮಾಡ್ತಾರೇನೋ, ಶಾಸ್ತ್ರ ಗೊತ್ತೈತೋ ಇಲ್ಲೋ" ಅಂದರು. ಅಜ್ಜನ ಮಾತು ತೆಗೆದುಹಾಕೋ ಹಾಗಿರಲಿಲ್ಲ. ಸ್ಟೇಜ್ ಮೆಟ್ಟಿಲಿಗೆ ಆಳೆತ್ತರದ ನಾಲ್ಕು ದೀಪ ಜಾಸ್ತಿ ಇಟ್ಟೆ, ಬಾಗಿಲು ಮತ್ತು ಊಟದ ಹಾಲ್‌ನಲ್ಲಿ ಒಂದು ಟ್ಯೂಬ್ ಕೂಡ ಆರಿಸಲಿಲ್ಲ. ಅಲ್ಲಿಗೆ ಸುಮ್ಮನಾದರು.

ಒಳಗಿನ ಹಾಲ್‌ನಲ್ಲಿ ಟ್ಯೂಬ್ ಎಲ್ಲ ಬಂದ್. 9 ವ್ಯಾಟಿನ ವಾರ್ಮ್ ಬಲ್ಬ್ ನಲವತ್ತು, ಎಲ್ಲ ಮೊಣಕಾಲಿಗಿಂತ ಕೆಳಗೆ, ಮೇದಾರರ ಬುಟ್ಟಿ ಬೋರಲು ಹಾಕಿ ಅದರೊಳಗೆ. ಬುಟ್ಟಿ ಒಂದಕ್ಕೆ 60-70 ಬಿತ್ತು. ಒಟ್ಟು ಲೋಡ್ 400 ವ್ಯಾಟ್ ಕೂಡ ಇಲ್ಲ. ಮೊದಲು ಬುಟ್ಟಿಗಳನ್ನು ಗೋಡೆಗೆ ತಾಗಿಸಿಟ್ಟು ಕೆಟ್ಟೆ. ಬೆಳಕು ಗೋಡೆ ಸವರಿಕೊಂಡು ಹೋದರೆ ಪೇಂಟಿನ ಒಂದೊಂದು ಗುಳ್ಳೆಯೂ ಗುಡ್ಡದ ಹಾಗೆ ಕಾಣುತ್ತೆ. ಮೂರು ಅಡಿ ಈಚೆಗೆ ಎಳೆದ ಮೇಲೆ ಸರಿಯಾಯಿತು. ರೆಡ್ ಕಾರ್ಪೆಟ್ ಕೂಡ ಕಿತ್ತೆ. ಕೆಳಗೆ ಹಳೇ ಮೊಸಾಯಿಕ್ ನೆಲ, ಅದನ್ನು ಒರೆಸಿ ಬಿಟ್ಟರೆ ಬೆಳಕು ಅದರ ಮೇಲೆ ಹರಿದಾಡಿತು. ಇಷ್ಟು ವರ್ಷ ಆ ನೆಲವನ್ನು ದುಡ್ಡು ಕೊಟ್ಟು ಮುಚ್ಚುತ್ತಿದ್ದೆವು!

ಸ್ಟೇಜಿನದು ಬೇರೆ ಕಥೆ. ಫೋಟೋಗೆ ಅಲ್ಲಿ ಬೆಳಕು ಬೇಕೇಬೇಕು, ಬೆಳಕು ಬಿದ್ದರೆ ನವಿಲು ಎದ್ದು ಬರುತ್ತೆ. ಬೆಳಕು ಕುಡಿಯೋ ಬಟ್ಟೆ ಬೇಕಿತ್ತು. ಕಪ್ಪು ವೆಲ್ವೆಟ್ ನೋಡಿದೆ, ಕ್ಯಾಮೆರಾದಲ್ಲಿ ಮಿಂಚಿತು, ಧೂಳು ಬೇರೆ. ಆಮೇಲೆ ಚಳ್ಳಕೆರೆ ಕಡೆಯಿಂದ ಕರೀ ಕಂಬಳಿ ಆರು ತಂದೆ, ಒಂದಕ್ಕೆ ಎರಡು ಸಾವಿರದ ಆಸುಪಾಸು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿರೋದರಿಂದ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತೆ, ನೆರಿಗೆ ಬೀಳಲ್ಲ. ಅದರ ಮುಂದೆ ಮಲ್ಲಿಗೆ ಮಾಲೆ ಇಳಿಬಿಟ್ಟರೆ ಬಿಳಿ ಬಣ್ಣ ಗಾಳಿಯಲ್ಲಿ ತೇಲಿದ ಹಾಗೆ. "ಮದುವೆಗೆ ಕಂಬಳಿನಾ?" ಅಂತ ಹುಡುಗನ ಕಡೆಯವರು ಮೂಗು ಮುರಿದರು. ಈ ಸಲ ನನ್ನ ಪರ ನಿಂತವರು ಅದೇ ಅಜ್ಜ: "ಕಂಬಳಿ ಗದ್ದಿಗೆ ಹಾಕದೆ ನಮ್ಮಲ್ಲಿ ಯಾವ ಶುಭಕಾರ್ಯ ಆಗೈತಿ ಹೇಳ್ರಿ." ವಾಸನೆ ಹೇಗೆ ತೆಗೆದೆ, ಮೊಳೆ ಇಲ್ಲದೆ ಆ ಭಾರ ಹೇಗೆ ನಿಲ್ಲಿಸಿದೆ ಅನ್ನೋದನ್ನು ಮಾತ್ರ ಹೇಳಲ್ಲ. ಅದರಲ್ಲೇ ನನ್ನ ಅನ್ನ ಇದೆ.

ಮಧ್ಯೆ ಹುಚ್ಚಾಟಗಳೂ ನಡೆದವು. ಚನ್ನಗಿರಿಯ ಸ್ನೇಹಿತನ ತೋಟದ ಹೊಂಬಾಳೆ ಕೇಳಿದೆ. ಒಂದು ಹೊಂಬಾಳೆ ಅಂದರೆ ಒಂದು ಗೊನೆ ಅಡಿಕೆ ಹೋದ ಹಾಗೆ, ಬೈದುಕೊಂಡೇ ನಾಲ್ಕು ಕೊಟ್ಟ. ಹಾಳೆ ಬಿಚ್ಚಿದಾಗ ಬೆಣ್ಣೆ ಬಣ್ಣ, ಮರುದಿನ ಮುಹೂರ್ತದ ಹೊತ್ತಿಗೆ ಕಂದು. ಆರತಕ್ಷತೆಗೆ ಮಾತ್ರ ಸರಿ. ಮಂಡಕ್ಕಿ ಪೋಣಿಸಿ ಸರ ಮಾಡಿದ್ದೂ ಆಯ್ತು, ಊರಿನ ಗುರುತು ಅಂತ. ಮಳೆಗಾಲದ ತಂಪಿಗೆ ಮೆತ್ತಗಾಗಿ ಜೋತುಬಿತ್ತು, ಕೈಗೆ ಎಟುಕಿದ್ದನ್ನು ಮಕ್ಕಳು ತಿಂದು ಮುಗಿಸಿದವು. ಅಡಿಕೆ ಹಾಳೆ ತಟ್ಟೆಯ ಹಿಂದೆ ಬಲ್ಬ್ ಕಟ್ಟಿದ್ದು ಮಾತ್ರ ಗೆದ್ದಿತು, ಗ್ರಹಣದ ಸೂರ್ಯನ ಹಾಗೆ ಅಂಚಿನಲ್ಲಷ್ಟೇ ಬೆಳಕು.

ವಿಡಿಯೋದವರ ಜೊತೆ ಜಗಳ ಇನ್ನೂ ಇದೆ. ಅವರು ಬಿಳಿ ಲೈಟ್ ಹೊತ್ತು ಹಾಲ್ ತುಂಬ ಓಡಾಡಿದರೆ ನಮ್ಮ ಕೆಲಸ ಮಣ್ಣು. ಈಗ ಸ್ಟೇಜಿಗೆ ಎರಡು ಸಾಫ್ಟ್ ಲೈಟ್ ನಾನೇ ಕೊಡ್ತೀನಿ, ಅವರದನ್ನು ಚೀಲದಲ್ಲೇ ಇಡಿಸ್ತೀನಿ. ಅಗ್ಗದ ಬಲ್ಬ್ ಹಾಕಿದರೆ ವಿಡಿಯೋದಲ್ಲಿ ಪಟ್ಟೆ ಓಡುತ್ತೆ. ಕ್ಯಾಮೆರಾ ಶಟರ್ 1/50 ಸೆಕೆಂಡಿಗೆ ಇಟ್ಟರೆ ಬಹುಪಾಲು ಹೋಗುತ್ತೆ, ಆದರೆ ಬಲ್ಬನ್ನೇ ಒಳ್ಳೇದು ತನ್ನಿ.

ಮೊದಲೆಲ್ಲ ಆ ಛತ್ರಕ್ಕೆ 80-85 ಸಾವಿರ ಖರ್ಚಾಗಿ ಕೈಗೆ ಆರೇಳು ಸಾವಿರ ಉಳಿದರೆ ಹೆಚ್ಚು. ಈಗ ಹೂವು ಸೇರಿ 35ರ ಒಳಗೆ ಮುಗಿಯುತ್ತೆ, ಪಾರ್ಟಿಯಿಂದ 60 ತಗೋತೀನಿ, ಅವರಿಗೂ ಖುಷಿ. ಅದೇ ಆರು ಕಂಬಳಿ ಹನ್ನೊಂದು ಮದುವೆ ನೋಡಿವೆ.

ಈಗಿರೋ ತಲೆನೋವು ಒಂದೇ. ಛತ್ರ ಚೆನ್ನಾಗಿ ಓಡ್ತಿದೆ ಅಂತ ಮಾಲೀಕರಿಗೆ ಹುಮ್ಮಸ್ಸು ಬಂದು, ಆಷಾಢದಲ್ಲಿ ಒಳಗೆಲ್ಲ ಬಿಳಿ ಬಣ್ಣ ಹೊಡೆಸ್ತೀನಿ ಅಂತಿದ್ದಾರೆ. ಬಿಳಿ ಗೋಡೆ ಬೆಳಕನ್ನೆಲ್ಲ ವಾಪಸ್ ಎಸೆಯುತ್ತೆ, ನನ್ನ ಕತ್ತಲೆ ಉಳಿಯಲ್ಲ. ಹಸಿರೇ ಇರಲಿ ಅಂತ ವಾರಕ್ಕೊಂದು ಸಲ ಹೋಗಿ ಬೆಣ್ಣೆ ದೋಸೆ ತಿನ್ನಿಸಿ ಬರ್ತಾ ಇದೀನಿ.