ದಾವಣಗೆರೆಯಿಂದ ಹಡಗಿನ ಸ್ಪಾವರೆಗೆ: ಕೆಲಸ ಹಿಡಿಯುವುದು ಹೇಗೆ?

ದಾವಣಗೆರೆಗೂ ಚಿತ್ರದುರ್ಗಕ್ಕೂ ಕಡಲಿಲ್ಲ. ಹರಿಹರದ ತುಂಗಭದ್ರೆ, ಚನ್ನಗಿರಿಯ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಕಡೆಯ ಮಕ್ಕಳು ಕಂಡ ದೊಡ್ಡ ನೀರು ಇಷ್ಟೇ. ಆದರೂ ಬ್ಯೂಟಿ ಪಾರ್ಲರ್‌ಗಳಲ್ಲಿ, ಹೋಟೆಲ್ ಸ್ಪಾಗಳಲ್ಲಿ ಕೈ ಪಳಗಿಸಿಕೊಂಡ ಯುವಕ ಯುವತಿಯರು ಈಗ ಕೇಳುವ ಪ್ರಶ್ನೆ ಒಂದೇ: ಪ್ರವಾಸಿ ಹಡಗುಗಳಲ್ಲಿ ಸ್ಪಾ ಥೆರಪಿಸ್ಟ್ ಕೆಲಸ ಸಿಗುತ್ತದಂತೆ, ಡಾಲರಿನಲ್ಲಿ ಸಂಪಾದನೆಯಂತೆ, ನಿಜವೇ?

ನಿಜ. ಕೆಲಸ ಇದೆ, ಭಾರತದವರನ್ನು ತೆಗೆದುಕೊಳ್ಳುತ್ತಾರೆ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅವಕಾಶವಿದೆ. ಆದರೆ ಈ ಸಂಪಾದನೆಯ ದೊಡ್ಡ ಪಾಲು ಕಮಿಷನ್‌ನಿಂದ ಬರುತ್ತದೆ ಎಂಬುದನ್ನು ಮಧ್ಯವರ್ತಿಗಳು ಬಾಯಿ ಬಿಟ್ಟು ಹೇಳುವುದಿಲ್ಲ. ಕೆಲಸ ಕೊಡಿಸಲು ನಿಮ್ಮಿಂದ ಹಣ ಕೇಳುವುದೇ ಕಾನೂನುಬಾಹಿರ ಎಂಬುದನ್ನಂತೂ ಹೇಳುವುದೇ ಇಲ್ಲ. ಈ ಎರಡು ಮಾತು ಗೊತ್ತಿಲ್ಲದೆ ಮನೆಯವರ ಒಡವೆ ಅಡವಿಟ್ಟು ಹೊರಡುವವರಿದ್ದಾರೆ. ಅಂಥ ಮನೆಗಳಿಗೆಂದೇ ಈ ಲೇಖನ.

ಮೊದಲು ಕೈ ಪಳಗಲಿ

ಬಾಣಂತಿಗೆ, ಹಸುಗೂಸಿಗೆ ಎಣ್ಣೆ ನೀವುವ ಅಜ್ಜಿಯರು ನಮ್ಮ ಊರೂರಲ್ಲಿ ಇದ್ದಾರೆ. ಅವರ ಕೈಗುಣ ದೊಡ್ಡದು. ಹಡಗಿನ ಕೆಲಸಕ್ಕೆ ಅದರ ಜೊತೆಗೆ ಪ್ರಮಾಣಪತ್ರವೂ ಬೇಕು. ಸ್ವೀಡಿಷ್ ಮಸಾಜ್, ಡೀಪ್ ಟಿಶ್ಯೂ, ಬಿಸಿ ಕಲ್ಲಿನ ಮಸಾಜ್, ಪಾದದ ರಿಫ್ಲೆಕ್ಸಾಲಜಿ, ಫೇಶಿಯಲ್, ದೇಹಕ್ಕೆ ಕಡಲಪಾಚಿ ಲೇಪಿಸಿ ಸುತ್ತುವ ಚಿಕಿತ್ಸೆ, ಇವಿಷ್ಟು ಬಂದರೆ ಗಟ್ಟಿ ಬುನಾದಿ. ಬ್ಯೂಟಿ ಅಂಡ್ ವೆಲ್‌ನೆಸ್ ವಲಯದ ಕೌಶಲ ಮಂಡಳಿ ಸ್ಪಾ ಥೆರಪಿಸ್ಟ್ ಹುದ್ದೆಗೆ ಪಠ್ಯಕ್ರಮ ರೂಪಿಸಿದೆ. ಸಿಡೆಸ್ಕೋ, ಐಟೆಕ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಗಳ ಡಿಪ್ಲೊಮಾಗಳಿಗೆ ಹೊರದೇಶಗಳಲ್ಲಿ ಮನ್ನಣೆ ಹೆಚ್ಚು, ಶುಲ್ಕವೂ ಹೆಚ್ಚು. ಸಾಲ ಮಾಡಿ ಅವುಗಳಿಗೆ ಸೇರುವ ಮೊದಲು ಒಳ್ಳೆಯ ಹೋಟೆಲ್ ಅಥವಾ ರೆಸಾರ್ಟ್ ಸ್ಪಾದಲ್ಲಿ ಒಂದೆರಡು ವರ್ಷ ದುಡಿಯಿರಿ ಎಂದೇ ನಾನು ಹೇಳುತ್ತೇನೆ. ಸಂದರ್ಶನದಲ್ಲಿ ಅನುಭವಕ್ಕೆ ತೂಕ ಜಾಸ್ತಿ.

ಏಕೆಂದರೆ ಆಯ್ಕೆ ನಡೆಯುವುದು ಮಸಾಜ್ ಮಂಚದ ಬಳಿ. ಪರೀಕ್ಷಕರು ತಾವೇ ಮಂಚದ ಮೇಲೆ ಮಲಗುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಅಭ್ಯರ್ಥಿ ಎಣ್ಣೆಯನ್ನು ನೇರವಾಗಿ ಬೆನ್ನಿಗೆ ಸುರಿದಳೋ, ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಚ್ಚಿದಳೋ? ಒಂದು ಕೈ ಎಣ್ಣೆ ಬಾಟಲಿಗೆ ಹೋದಾಗ ಇನ್ನೊಂದು ಕೈ ಬೆನ್ನಿನ ಮೇಲೇ ಇತ್ತೋ? ಒತ್ತುವ ಬಲ ಹೆಬ್ಬೆರಳಿನಿಂದ ಬರುತ್ತಿದೆಯೋ, ಕಾಲನ್ನು ಮುಂದಿಟ್ಟು ಮೈಭಾರ ಹಾಕುವುದರಿಂದ ಬರುತ್ತಿದೆಯೋ? ಹೆಬ್ಬೆರಳಿನಿಂದಲೇ ಒತ್ತುವವರ ಕೀಲು ಕೆಲವೇ ತಿಂಗಳಲ್ಲಿ ಕೈಕೊಡುತ್ತದೆ. ಮೊಣಕೈ ಕೆಳಗಿನ ಭಾಗದಿಂದ, ಹಿಡಿಮುಷ್ಟಿಯಿಂದ ಒತ್ತುವುದನ್ನು ಈಗಲೇ ರೂಢಿಸಿಕೊಳ್ಳಿ. ಚಾದರ ಸರಿಸುವ ಕ್ರಮವನ್ನೂ ನೋಡುತ್ತಾರೆ. ಚಿಕಿತ್ಸೆ ನಡೆಯುವ ಭಾಗವೊಂದೇ ತೆರೆದಿರಬೇಕು, ಉಳಿದ ಮೈ ಮುಚ್ಚಿರಬೇಕು.

ಇಂಗ್ಲಿಷ್ ಬೇಕೇ ಬೇಕು. ವ್ಯಾಕರಣದ ತಪ್ಪುಗಳನ್ನು ಯಾರೂ ಎಣಿಸುವುದಿಲ್ಲ. ‘ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಈಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ? ಗರ್ಭಿಣಿಯೇ? ಸಿಗಡಿ, ಅಯೋಡಿನ್ ಒಗ್ಗುವುದಿಲ್ಲವೇ?’ ಎಂದು ಕೇಳಿ, ಬಂದ ಉತ್ತರ ತಿಳಿದುಕೊಳ್ಳುವಷ್ಟು ಭಾಷೆ ಇರಲೇಬೇಕು. ಅಯೋಡಿನ್ ಒಗ್ಗದವರಿಗೆ ಕಡಲಪಾಚಿ ಲೇಪಿಸಿದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಕಾಲು ಒತ್ತಿದರೆ ಅನಾಹುತವಾಗುತ್ತದೆ.

ಕಾಗದಪತ್ರ

ಪಾಸ್‌ಪೋರ್ಟ್‌ನಿಂದ ಶುರು ಮಾಡಿ. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪಾನ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ. ಮೊದಲು ಎಲ್ಲವನ್ನೂ ಒಂದೇ ರೀತಿ ಮಾಡಿಸಿ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ (ಸರ್‌ನೇಮ್) ಜಾಗವನ್ನು ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಕುಲನಾಮವಾಗಿ, ಮೊದಲ ಹೆಸರು ಗೊತ್ತಿಲ್ಲ ಎಂದು ನಮೂದಾಗುತ್ತದೆ. ಆಮೇಲೆ ಪ್ರತಿ ಕಾಗದಕ್ಕೂ ವಿವರಣೆ ಕೊಡುತ್ತ ಕೂರಬೇಕು.

ಮುಂದಿನದು ನಾವಿಕರ ದಾಖಲೆ. ನೌಕಾಯಾನ ಮಹಾನಿರ್ದೇಶನಾಲಯದಿಂದ ಇಂಡೋಸ್ ಎಂಬ ನಾವಿಕರ ಗುರುತಿನ ಸಂಖ್ಯೆ ಪಡೆದು, ಆ ನಿರ್ದೇಶನಾಲಯದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಎಸ್‌ಟಿಸಿಡಬ್ಲ್ಯು ಎಂಬ ಅಂತಾರಾಷ್ಟ್ರೀಯ ನಿಯಮದಂತೆ ನಡೆಯುವ ಮೂಲ ಸುರಕ್ಷತಾ ತರಬೇತಿ ಮುಗಿಸಬೇಕು. ಮುಂಬೈ, ಗೋವಾ, ಚೆನ್ನೈ, ಕೊಚ್ಚಿಗಳಲ್ಲಿ ಇಂಥ ಸಂಸ್ಥೆಗಳಿವೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಭದ್ರತೆ ಇವೆಲ್ಲ ಸಲೀಸು. ಬಯಲುಸೀಮೆಯವರಿಗೆ ಕಷ್ಟವಾಗುವುದು ನೀರಿನ ಪಾಠ. ಜೀವರಕ್ಷಕ ಜಾಕೆಟ್ ತೊಟ್ಟು ಎತ್ತರದಿಂದ ಕೊಳಕ್ಕೆ ಹಾರಬೇಕು, ತಲೆಕೆಳಗಾದ ರಬ್ಬರ್ ತೆಪ್ಪವನ್ನು ಹಗ್ಗ ಹಿಡಿದೆಳೆದು ನೆಟ್ಟಗೆ ಮಾಡಬೇಕು, ಅದರೊಳಗೆ ಹತ್ತಬೇಕು. ಈಜು ಬಾರದವರು ಎರಡು ತಿಂಗಳು ಮೊದಲೇ ಕಲಿತುಕೊಂಡು ಹೋದರೆ ಅರ್ಧ ಭಯ ಕಳೆಯುತ್ತದೆ.

ಭಾರತೀಯ ಸಿಬ್ಬಂದಿಗೆ ಸಾಮಾನ್ಯವಾಗಿ ಸಿಡಿಸಿ, ಅಂದರೆ ನಾವಿಕರ ಪುಸ್ತಕ, ಕೇಳುತ್ತಾರೆ. ಇದು 10 ವರ್ಷ ನಡೆಯುತ್ತದೆ. ಮಾನ್ಯತೆ ಪಡೆದ ವೈದ್ಯರ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಹಳದಿ ಜ್ವರದ ಲಸಿಕೆಯ ಪುಸ್ತಿಕೆ ಕೂಡ ಬೇಕು. ಈ ಲಸಿಕೆಗೆ ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗಬೇಕು. ಹಾಕಿಸಿದ 10 ದಿನಗಳ ನಂತರವೇ ಪುಸ್ತಿಕೆಗೆ ಮಾನ್ಯತೆ ಬರುವುದರಿಂದ ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಮೆರಿಕದ ಬಂದರು ಮುಟ್ಟುವ ಹಡಗಾದರೆ ಸಿಬ್ಬಂದಿಗೆಂದೇ ಇರುವ ಸಿ1/ಡಿ ವೀಸಾ ಬೇಕು. ಅದಕ್ಕೆ ಚೆನ್ನೈ, ಹೈದರಾಬಾದ್ ಅಥವಾ ಮುಂಬೈನಲ್ಲಿ ಸಂದರ್ಶನ ಇರುತ್ತದೆ.

ಇಷ್ಟೆಲ್ಲ ಒಮ್ಮೆಲೇ ಭಾರ ಎನಿಸಿದರೆ ದೇಶದೊಳಗೇ ಮೊದಲ ಅನುಭವ ಪಡೆಯಬಹುದು. 2021ರಿಂದ ಕೊರ್ಡೆಲಿಯಾ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಯಾನ ನಡೆಸಿದೆ. ಅಂಥ ಯಾನಕ್ಕೆ ಅಮೆರಿಕದ ವೀಸಾ ಬೇಡ, ಮನೆಯೂ ದೂರವಲ್ಲ.

ಹಣ ಯಾರಿಗೆ, ಯಾರಿಗೆ ಕೊಡಬಾರದು

ಈ ಭಾಗವನ್ನು ದಯವಿಟ್ಟು ಮನೆಯ ಹಿರಿಯರೂ ಓದಬೇಕು. 2006ರ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಅದರ ಪ್ರಕಾರ ಹಡಗಿನ ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್ ಇವುಗಳ ಖರ್ಚು ನಿಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದು. ಸುರಕ್ಷತಾ ತರಬೇತಿಯ ಶುಲ್ಕವನ್ನು ಸಾಮಾನ್ಯವಾಗಿ ನೀವೇ ಕಟ್ಟಬೇಕಾಗುತ್ತದೆ. ಅದನ್ನು ತರಬೇತಿ ಸಂಸ್ಥೆಗೇ ಕಟ್ಟಿ ರಸೀದಿ ಪಡೆಯಿರಿ, ಏಜೆಂಟರ ಕೈಗೆ ಕೊಡಬೇಡಿ.

ಭಾರತದಲ್ಲಿ ಹಡಗಿಗೆ ಜನ ಕಳಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು. ಪರವಾನಗಿ ಇರುವವರ ಪಟ್ಟಿ ನೌಕಾಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿದೆ. ಏಜೆಂಟರು ತೋರಿಸುವ ಲ್ಯಾಮಿನೇಟ್ ಮಾಡಿದ ಪ್ರತಿಯನ್ನು ನಂಬದೆ, ಜಾಲತಾಣದಲ್ಲಿ ಹೆಸರು, ವಿಳಾಸ, ಅವಧಿ ಮೂರನ್ನೂ ನೀವೇ ತಾಳೆ ನೋಡಿ. ‘ಸೀಟು ಎರಡೇ ಉಳಿದಿವೆ, ಇವತ್ತೇ ಮುಂಗಡ ಕಳಿಸಿ’ ಎಂದು ಫೋನ್ ಬಂದರೆ ಆ ನಂಬರಿನ ಜೊತೆ ಮಾತು ಅಲ್ಲಿಗೇ ಮುಗಿಸಿ.

ಹೊರದೇಶದಲ್ಲಿ ಸಿಕ್ಕಿಹಾಕಿಕೊಳ್ಳುವುದು ಎಂದರೇನು ಎಂಬುದು ನಮ್ಮ ಜಿಲ್ಲೆಗೆ ಗೊತ್ತಿರದ ಸಂಗತಿಯೇನಲ್ಲ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾದವರೆಗೆ ಹೋಗಿ ವ್ಯಾಪಾರ ಮಾಡುವ ಗಟ್ಟಿಗರು. 2023ರಲ್ಲಿ ಸೂಡಾನಿನಲ್ಲಿ ಕಾಳಗ ಶುರುವಾದಾಗ ಅವರಲ್ಲಿ ಕೆಲವರು ಅಲ್ಲೇ ಸಿಲುಕಿದ್ದರು. ಹಡಗಿನ ಒಪ್ಪಂದದಲ್ಲಿ ಈ ವಿಷಯಕ್ಕೆ ಒಂದು ರಕ್ಷಣೆ ಇದೆ. ಅವಧಿ ಮುಗಿದಾಗ ನಿಮ್ಮನ್ನು ಮನೆಗೆ ತಲುಪಿಸುವ ಖರ್ಚು ಮಾಲೀಕರದೇ. ಒಪ್ಪಂದದ ಪ್ರತಿ ಕೈಯಲ್ಲಿರಲಿ, ಅದರ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ.

ಸಂಬಳದ ಲೆಕ್ಕ

ಬಹಳಷ್ಟು ಹಡಗುಗಳಲ್ಲಿ ಸ್ಪಾ ನಡೆಸುವುದು ಹಡಗಿನ ಕಂಪನಿಯಲ್ಲ, ಗುತ್ತಿಗೆ ಪಡೆದ ಬೇರೆ ಸಂಸ್ಥೆ. ಹಿಂದೆ ಸ್ಟೈನರ್ ಬಳಗದಲ್ಲಿದ್ದ, ಈಗಿನ ಒನ್‌ಸ್ಪಾವರ್ಲ್ಡ್ ಇವುಗಳಲ್ಲಿ ದೊಡ್ಡದು. ಹಾಗಾಗಿ ಒಪ್ಪಂದ ಯಾರೊಡನೆ ಎಂದು ಮೊದಲು ನೋಡಿ. ಆಮೇಲೆ ಈ ಪ್ರಶ್ನೆಗಳನ್ನು ಬರಹದಲ್ಲೇ ಕೇಳಿ: ಖಾತ್ರಿ ಸಂಬಳ ಎಷ್ಟು? ಚಿಕಿತ್ಸೆಗೆ ಕಮಿಷನ್ ಎಷ್ಟು, ಮಾರಿದ ಕ್ರೀಮಿಗೆ ಎಷ್ಟು? ಬಿಲ್ಲಿಗೆ ತಾನಾಗಿ ಸೇರುವ ಸೇವಾ ಶುಲ್ಕದಲ್ಲಿ ನನ್ನ ಪಾಲು ಎಷ್ಟು? ಮಾರಾಟದ ಗುರಿ ಮುಟ್ಟದಿದ್ದರೆ ಏನಾಗುತ್ತದೆ?

ಮಾರಾಟ ಈ ಕೆಲಸದ ಅರ್ಧ ಭಾಗ. ಪ್ರತಿ ಫೇಶಿಯಲ್ ಮುಗಿದ ಮೇಲೆ ಅತಿಥಿಗೆ ಯಾವ ಕ್ರೀಮ್, ಯಾವ ಎಣ್ಣೆ ಒಳ್ಳೆಯದೆಂದು ಬರೆದುಕೊಟ್ಟು ಮಾರಬೇಕು. ಹಡಗು ಹೊರಡುವ ದಿನ ಸ್ಪಾ ಬಾಗಿಲಲ್ಲಿ ನಿಂತು ಜನರನ್ನು ಕರೆಯಬೇಕು. ಮಂಡಿಪೇಟೆ, ಚೌಕಿಪೇಟೆಯ ಜವಳಿ ಅಂಗಡಿಯಲ್ಲಿ ನಾಲ್ಕು ದಿನ ಸೀರೆ ಬಿಡಿಸಿ ತೋರಿಸಿದ ಅನುಭವವಿದ್ದರೆ ಸಂದರ್ಶನದಲ್ಲಿ ಮುಚ್ಚಿಡಬೇಡಿ, ಹೆಮ್ಮೆಯಿಂದ ಹೇಳಿ. ಸಂಕೋಚದ ಸ್ವಭಾವದವರು ಈ ಕೆಲಸಕ್ಕೆ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ತಿಂಗಳ ಕೊನೆಗೆ ಅವರ ಕೈಗೆ ಬರುವ ಹಣ ಕಡಿಮೆ ಇರುತ್ತದೆ ಎಂಬುದು ಗೊತ್ತಿರಲಿ.

ಹಡಗಿನ ಬದುಕು

ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳದು. ನೀರಿನ ಮಟ್ಟದ ಆಸುಪಾಸಿನಲ್ಲಿ ಕಿಟಕಿಯಿಲ್ಲದ ಪುಟ್ಟ ಕೋಣೆ, ಮೇಲೊಂದು ಕೆಳಗೊಂದು ಹಾಸಿಗೆ, ಜೊತೆಗೆ ಬೇರೆ ದೇಶದ ಒಬ್ಬರು. ಊಟ ಸಿಬ್ಬಂದಿಯ ಭೋಜನಶಾಲೆಯಲ್ಲಿ. ಅನ್ನ ಸಿಗುತ್ತದೆ, ಮುದ್ದೆ ಸಿಗುವುದಿಲ್ಲ.

ಹಡಗು ಬಂದರಿನಲ್ಲಿ ನಿಂತ ದಿನ ಕೆಲಸ ಕಡಿಮೆ. ಇಡೀ ದಿನ ಕಡಲಲ್ಲೇ ಸಾಗುವಾಗ ಒಂದರ ಹಿಂದೊಂದು ಅತಿಥಿ. ಐವತ್ತು ನಿಮಿಷದ ಮಸಾಜ್ ಮುಗಿಸಿ ಚಾದರ ಬದಲಿಸುವಷ್ಟರಲ್ಲಿ ಮುಂದಿನವರು ಬಂದಿರುತ್ತಾರೆ. ಸ್ಪಾ ಹೆಚ್ಚಾಗಿ ಹಡಗಿನ ಮೇಲಂತಸ್ತಿನ ಮುಂಭಾಗದಲ್ಲಿರುತ್ತದೆ. ಅಲೆಗೆ ಹಡಗು ಏಳುಬೀಳುವುದು ಅಲ್ಲೇ ಜಾಸ್ತಿ ತಿಳಿಯುತ್ತದೆ. ಕಾಲು ಅಗಲಿಸಿ ಮಂಡಿ ಸಡಿಲ ಬಿಟ್ಟು ನಿಲ್ಲಿ, ಬಿಸಿ ಕಲ್ಲುಗಳನ್ನು ಜಾರದಂತೆ ಇಡಿ. ಮೊದಲ ದಿನಗಳಲ್ಲಿ ತಲೆಸುತ್ತು, ವಾಕರಿಕೆ ಬಂದರೆ ಗಾಬರಿ ಬೇಡ. ಹೊಟ್ಟೆ ಖಾಲಿ ಬಿಡದೆ ಶುಂಠಿ ಜಗಿಯಿರಿ, ಕಡಿಮೆಯಾಗದಿದ್ದರೆ ಹಡಗಿನ ವೈದ್ಯರನ್ನು ಕಾಣಿ.

ವಿಶ್ರಾಂತಿಗೂ ನಿಯಮವಿದೆ. ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ. ದಿನದ ವಿಶ್ರಾಂತಿಯನ್ನು ಎರಡೇ ಭಾಗ ಮಾಡಬಹುದು, ಅದರಲ್ಲಿ ಒಂದು ಆರು ಗಂಟೆಗೆ ಕಡಿಮೆ ಇರಬಾರದು. ದುಡಿದ ಗಂಟೆಗಳ ದಾಖಲೆಗೆ ಸಹಿ ಹಾಕುವಾಗ ಇದನ್ನು ನೋಡಿಕೊಳ್ಳಿ. ನೀವು ಥೆರಪಿಸ್ಟ್ ಆದರೂ ಸುರಕ್ಷತಾ ಕರ್ತವ್ಯ ತಪ್ಪದು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಣ್ಣೆಗೈಯಲ್ಲೇ ನಿಮಗೆ ಗೊತ್ತುಮಾಡಿದ ಜಾಗಕ್ಕೆ ಓಡಬೇಕು.

ಇನ್ನು ಮನೆಯವರ ಆತಂಕ. ಮಸಾಜ್ ಎಂಬ ಮಾತಿಗೇ ನಮ್ಮಲ್ಲಿ ಹುಬ್ಬೇರುತ್ತದೆ, ಮದುವೆ ಮಾತುಕತೆಯಲ್ಲಿ ಬಾಯಿಗೆ ಬಂದಂತೆ ಆಡುವವರೂ ಇದ್ದಾರೆ. ಇದು ಮೈಯ ಸ್ನಾಯುಗಳನ್ನು ಅರಿತು ಮಾಡುವ ಮರ್ಯಾದೆಯ ವೃತ್ತಿ ಎಂದು ತಂದೆ ತಾಯಿಯೇ ಮೊದಲು ಧೈರ್ಯವಾಗಿ ಹೇಳಬೇಕು. ಅತಿಥಿ ಎಲ್ಲೆ ಮೀರಿದರೆ ಕೈ ತೆಗೆದು, ‘ಚಿಕಿತ್ಸೆ ಇಲ್ಲಿಗೆ ಮುಗಿಯಿತು’ ಎಂದು ಹೇಳಿ ಹೊರಗೆ ಬನ್ನಿ, ಅದೇ ಕ್ಷಣ ಮ್ಯಾನೇಜರಿಗೂ ಹಡಗಿನ ಭದ್ರತಾ ವಿಭಾಗಕ್ಕೂ ತಿಳಿಸಿ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳು ಲೈಂಗಿಕ ದೌರ್ಜನ್ಯದಂಥ ಅಪರಾಧಗಳನ್ನು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ವರದಿ ಮಾಡಬೇಕೆಂಬ ಕಾನೂನು 2010ರಿಂದ ಇದೆ. ಕಮಿಷನ್ ಹೋದೀತೆಂದು ಸುಮ್ಮನಿರಬೇಡಿ.

ಎರಡನೇ ಒಪ್ಪಂದಕ್ಕೆ ಮೊದಲು

ರಜೆಯ ಎರಡು ತಿಂಗಳಿಗೆ ಬಹುಮಟ್ಟಿಗೆ ಸಂಬಳ ಇರುವುದಿಲ್ಲ. ಅಷ್ಟು ದಿನದ ಖರ್ಚನ್ನು ಹಡಗಿನಲ್ಲಿರುವಾಗಲೇ ಬೇರೆ ತೆಗೆದಿಡಿ. ಮಣಿಕಟ್ಟು, ಹೆಬ್ಬೆರಳಿನ ನೋವಿದ್ದರೆ ಫಿಸಿಯೊಥೆರಪಿಸ್ಟ್ ಬಳಿ ತೋರಿಸಿಕೊಳ್ಳಿ. ಮತ್ತೆ ಕರೆ ಬಂದಾಗ ಹಳೆಯ ಕಮಿಷನ್ ಚೀಟಿಗಳನ್ನೆಲ್ಲ ಮುಂದೆ ಹರಡಿಕೊಂಡು ಕೂಡಿ, ಯಾವ ಯಾನದಲ್ಲಿ ಹೆಚ್ಚು ಗಳಿಕೆಯಾಯಿತು ಎಂದು ನೋಡಿ. ಹೊಸ ಹಡಗಿನ ಹೆಸರು ಕೇಳಿ ಮರುಳಾಗುವ ಮೊದಲು ಅದರ ಮಾರ್ಗ ಯಾವುದು, ಪ್ರತಿ ಯಾನದಲ್ಲಿ ಎಷ್ಟು ದಿನ ಕಡಲಲ್ಲೇ ಇರುತ್ತದೆ, ಸ್ಪಾದಲ್ಲಿ ಒಟ್ಟು ಎಷ್ಟು ಮಂದಿ ಥೆರಪಿಸ್ಟ್‌ಗಳು ಆ ಅತಿಥಿಗಳನ್ನು ಹಂಚಿಕೊಳ್ಳುತ್ತಾರೆ ಎಂದು ಕೇಳಿ ತಿಳಿದುಕೊಂಡು ಸಹಿ ಹಾಕಿ.